ಛತ್ರದ ಡೇಟಾಬೇಸಿನಲ್ಲಿ ನನ್ನ ತಂಗಿ

ಅರಸೀಕೆರೆಯಲ್ಲಿ ಡೇಟಾಬೇಸ್ ಪಾಠ ಹೇಳುವವನಿಗೆ ಇಂಥವು ತಪ್ಪಿದ್ದಲ್ಲ, ನನ್ನ ಕರ್ಮ. ಹಾರನಹಳ್ಳಿ ರಸ್ತೆಯ ಛತ್ರದ ಮ್ಯಾನೇಜರ್ ಬುಕಿಂಗನ್ನೆಲ್ಲ ತಲೆಯಲ್ಲೇ ಇಟ್ಟುಕೊಂಡಿದ್ದರು. ಅದೇ ಛತ್ರದಲ್ಲಿ ನನ್ನ ತಂಗಿಯ ಮದುವೆ. ಅವರ ತಲೆಯನ್ನು ನಂಬಿ ತಂಗಿಯ ಮುಹೂರ್ತ ಬಿಡುವ ಧೈರ್ಯ ನನಗಿರಲಿಲ್ಲ. ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿಕೊಡುತ್ತೇನೆ ಅಂತ ನಾನೇ ಹೋಗಿ ತಗಲಿಹಾಕಿಕೊಂಡೆ.

ಎಲ್ಲರಿಗೂ ನೂರಾ ಒಂದು

ಮೊದಲ ಪಾಠ, ಪ್ರೈಮರಿ ಕೀ. "ಒಂದೊಂದು ಮದುವೆಗೂ ಬೇರೆ ಬೇರೆ ನಂಬರ್ ಕೊಡಿ. ನಂಬರ್ ನೋಡಿದ್ರೆ ಯಾವ ಮದುವೆ ಅಂತ ಗೊತ್ತಾಗಬೇಕು," ಅಂದೆ.

"ಹೆಸರು ಸಾಲದಾ ಮೇಷ್ಟ್ರೇ?"

"ಕಣಕಟ್ಟೆ ಕಡೆ ರಂಗಪ್ಪ ಅಂತ ಎಷ್ಟು ಜನ ಇದ್ದಾರೆ?"

ಅವರು ಬೆರಳು ಮಡಿಸೋಕೆ ಶುರು ಮಾಡಿ, ಅರ್ಧಕ್ಕೇ ಬಿಟ್ಟು ಒಪ್ಪಿಕೊಂಡರು. ಮರುದಿನ ಫೋನು. "ನಿಮ್ಮ ಕಂಪ್ಯೂಟರ್ ಎರಡನೇ ಮದುವೇನೇ ತಗೊಳ್ತಿಲ್ಲ ಕಣ್ರೀ."

ಹೋಗಿ ನೋಡಿದರೆ ಎಲ್ಲ ಮದುವೆಗೂ ನೂರಾ ಒಂದು ಅಂತಲೇ ಒತ್ತುತ್ತಿದ್ದಾರೆ.

"ಬೇರೆ ಬೇರೆ ಕೊಡಿ ಅಂದಿದ್ನಲ್ಲ ಸ್ವಾಮಿ?"

"ಶುಭಕಾರ್ಯ ಅಲ್ವೇನ್ರೀ? ಮುಯ್ಯಿ ಹಾಕೋರೆಲ್ಲ ನೂರಾ ಒಂದೇ ಹಾಕಲ್ವಾ? ಒಬ್ಬರಿಗೆ ಕೊಟ್ಟು ಇನ್ನೊಬ್ಬರಿಗೆ ಇಲ್ಲ ಅಂದ್ರೆ ಬೇಜಾರಾಗಲ್ವಾ?"

ಟವೆಲ್

ಒಬ್ಬರು ತಿದ್ದುತ್ತಿರುವ ಸಾಲಿಗೆ ಇನ್ನೊಬ್ಬರು ಕೈ ಹಾಕದ ಹಾಗೆ ಡೇಟಾಬೇಸ್ ಅದನ್ನು ಲಾಕ್ ಮಾಡುತ್ತದೆ. ಇದು ಏನು ಮಾಡಿದರೂ ಅವರ ತಲೆಗೆ ಹೋಗಲಿಲ್ಲ. ಕೊನೆಗೆ ಸಾಕಾಗಿ, "ಬೇಲೂರು ಬಸ್ಸಿಗೆ ಕಿಟಕೀಲಿ ಟವೆಲ್ ಹಾಕಿ ಸೀಟ್ ಹಿಡೀತೀವಲ್ಲ, ಹಂಗೆ," ಅಂದೆ.

"ಇಷ್ಟೇನಾ? ಮೊದಲೇ ಹೇಳಬಾರದಾ?"

ಮಾರನೇ ದಿನ ಛತ್ರದ ಗುಮಾಸ್ತರು ಫೋನ್ ಮಾಡಿದರು. ಒಂದು ತಾರೀಕೂ ಬುಕ್ ಆಗುತ್ತಿಲ್ಲ. ಮ್ಯಾನೇಜರ್ ತಮ್ಮ ಕಂಪ್ಯೂಟರಿನಲ್ಲಿ ಇಡೀ ವರ್ಷದ ತಾರೀಕುಗಳನ್ನು ತಿದ್ದಲು ತೆರೆದಿಟ್ಟು ಊಟಕ್ಕೆ ಮನೆಗೆ ಹೋಗಿದ್ದರು. ಅವರ ಮನೆಗೇ ಓಡಿಹೋಗಿ ಕೇಳಿದೆ.

"ನಮ್ಮ ಕಡೆಯೋರು ಯಾರಾದ್ರೂ ಬಂದ್ರೆ ಇರಲಿ ಅಂತ ಮೇಷ್ಟ್ರೇ. ಇಡೀ ಬಸ್ಸಿಗೇ ಟವೆಲ್ ಹಾಕಿದೀನಿ."

ಹೆಣ್ಣು ಕಡ್ಡಾಯ

ಮದುವೆಯ ಸಾಲಿನಲ್ಲಿ ಹುಡುಗಿಯ ಹೆಸರು ಖಾಲಿ ಬಿಡುವಂತಿಲ್ಲ. ಹುಡುಗಿಯರ ಹೆಸರಿಗೇ ಬೇರೆ ಟೇಬಲ್, ಅಂದರೆ ಪಟ್ಟಿ, ಇದೆ, ಅದರಲ್ಲಿ ಇರುವವರನ್ನೇ ಆರಿಸಬೇಕು. ಇದು ಫಾರಿನ್ ಕೀ. "ಇನ್ನು ತಪ್ಪಾಗೋಕೆ ದಾರೀನೇ ಇಲ್ಲ," ಅಂತ ಎದೆ ತಟ್ಟಿ ಹೇಳಿದ್ದೆ. ಯಾರಿಗೆ ಹೇಳಿದ್ದೆ ಅನ್ನೋದನ್ನ ಮರೆತಿದ್ದೆ.

ಒಂದು ಭಾನುವಾರ ತಂಗಿಯ ಭಾವೀ ಮಾವ ಛತ್ರ ನೋಡಲು ಬಂದರು. ಮ್ಯಾನೇಜರ್ ಹೆಮ್ಮೆಯಿಂದ ಕಂಪ್ಯೂಟರನ್ನು ಅವರ ಕಡೆ ತಿರುಗಿಸಿದರು. ಬೀಗರು ಕನ್ನಡಕ ಏರಿಸಿ ಓದಿದರು. ಮತ್ತೊಂದು ಸಲ ಓದಿದರು.

"ಏನ್ ಮೇಷ್ಟ್ರೇ, ನಮಗಿಂತ ಮುಂಚೆ ನಿಮ್ಮ ತಂಗೀಗೆ ಹುಲಿಕೆರೆ ಹುಡುಗನ ಜೊತೆ ಒಂದು ಮದುವೆ ಐತಲ್ಲ?"

ಈ ಸಂಬಂಧ ಕೂಡಿಬರಲಿ ಅಂತ ನಮ್ಮಮ್ಮ ಹರಕೆ ಹೊರದ ದೇವರಿಲ್ಲ.

ಮ್ಯಾನೇಜರಿಗೆ ಗಾಬರಿಯೇ ಇಲ್ಲ. "ಹುಲಿಕೆರೆಯೋರಿಗೆ ಇನ್ನೂ ಹೆಣ್ಣು ಸಿಕ್ಕಿಲ್ಲ. ಹೆಣ್ಣು ಹೆಂಗೋ ಸಿಗುತ್ತೆ, ಛತ್ರ ಸಿಗಲ್ಲ ಅಂತ ಮೊದಲೇ ಬುಕ್ ಮಾಡವ್ರೆ. ಖಾಲಿ ಬಿಟ್ರೆ ಕಂಪ್ಯೂಟರ್ ಒಪ್ಪಲ್ಲ. ಇರೋ ಹುಡುಗೀನೇ ಆರಿಸಬೇಕು ಅಂದೋರು ನೀವೇ ತಾನೆ? ನಮಗೆ ಗೊತ್ತಿರೋ ಹುಡುಗಿ ಅಂತ ನಿಮ್ಮ ತಂಗೀನ ಹಾಕ್ದೆ." ಆಮೇಲೆ ಬೀಗರಿಗೆ ಸಮಾಧಾನ ಹೇಳಿದರು. "ಗಾಬರಿ ಬ್ಯಾಡಿ ಯಜಮಾನ್ರೇ, ಬರೀ ಟವೆಲ್ ಹಾಕಿರೋದು. ಅವರಿಗೆ ಹೆಣ್ಣು ಸಿಕ್ಕಿದ ತಕ್ಷಣ ತೆಗೀತೀನಿ."

ಅಲ್ಲೇ ಆ ಸಾಲು ಅಳಿಸಿದೆ. ಸಂಬಂಧ ಕೈತಪ್ಪಿತು ಅಂದುಕೊಂಡೇ ನಿಂತಿದ್ದೆ. ಬೀಗರು ಕನ್ನಡಕ ಜೇಬಿಗಿಟ್ಟು ನನ್ನನ್ನು ಪಕ್ಕಕ್ಕೆ ಕರೆದರು.

"ಮೇಷ್ಟ್ರೇ, ಇನ್ನೂ ಹತ್ತಿರದಲ್ಲಿ ಮುಹೂರ್ತ ಐತಾ ನೋಡಿ. ಈ ಪುಣ್ಯಾತ್ಮ ನಮ್ಮ ಸೊಸೇನ ಇನ್ಯಾರಿಗಾದ್ರೂ ಕೊಡೋದ್ರೊಳಗೆ ತಾಳಿ ಕಟ್ಟಿಸಿಬಿಡಾಣ."