ತೊಟ್ಟಿಯೊಳಗಿನ ತಾಮ್ರದ ಫಲಕ

ಪರವಾನಗಿ ನವೀಕರಣ ಇಲಾಖೆಯ ಕೇಂದ್ರ ಕಚೇರಿಯ ಮೊಗಸಾಲೆಯಲ್ಲಿರುವ ಕಡಲತೊಟ್ಟಿಯಲ್ಲಿ ಒಂದೇ ವಾರದಲ್ಲಿ ಹದಿನೇಳು ಬಸವನಹುಳುಗಳು ಪೂರ್ವಾನುಮತಿ ಪಡೆಯದೆ ತೀರಿಕೊಂಡವು.

ತೊಟ್ಟಿಯ ಹೊಣೆ ಹೊತ್ತವಳು ಜಲಚರ ಮೇಲ್ವಿಚಾರಕಿ. ಹುದ್ದೆ ತಾತ್ಕಾಲಿಕ, ಅವಳು ಅದಕ್ಕೆ ಸೇರಿ ಹನ್ನೊಂದು ವರ್ಷವಾಗಿತ್ತು. ಕಚೇರಿಗೆಲ್ಲ ಅವಳು ತೊಟ್ಟಿಯಕ್ಕ. ಪರವಾನಗಿಗೆ ಕಾದು ಕಾದು ಬೇಸತ್ತವರ ಸಿಟ್ಟು ಇಳಿಯಲೆಂದು ಇಟ್ಟಿದ್ದ ಆ ಉಪ್ಪುನೀರಿನ ತೊಟ್ಟಿಯಲ್ಲಿ ಹವಳ, ಸೀಗಡಿ, ಬಸವನಹುಳು, ಆರು ಕಿತ್ತಳೆ ಬಣ್ಣದ ಮೀನು ಇದ್ದವು. ಹವಳ ಕಲ್ಲಲ್ಲ, ಜೀವ ಎಂದು ಬಂದವರಿಗೆಲ್ಲ ಹೇಳಿ ಹೇಳಿ ಅವಳ ಗಂಟಲು ಸವೆದಿತ್ತು. ಒಂದೊಂದನ್ನೂ ಬೆರಳುದ್ದದ ತುಂಡಿನಿಂದ ಸಾಕಿ ಬೆಳೆಸಿದವಳು ಅವಳೇ.

ಈಗ ಹವಳಗಳೆಲ್ಲ ಮುದುಡಿಕೊಂಡಿದ್ದವು. ಸೀಗಡಿ ಮೂಲೆ ಹಿಡಿದಿತ್ತು. ಮೀನುಗಳು ಮಾತ್ರ ತಮಗೇನೂ ಸಂಬಂಧವಿಲ್ಲವೆಂಬಂತೆ ಈಜುತ್ತಿದ್ದವು. ತೊಟ್ಟಿಯಕ್ಕ ಪುಟ್ಟ ಗಾಜಿನ ನಳಿಕೆಗೆ ನೀರು ತುಂಬಿ, ಪರೀಕ್ಷೆಯ ದ್ರಾವಣ ನಾಲ್ಕು ಹನಿ ಬಿಟ್ಟಳು. ನೀರು ನೀಲಿಗೆ ತಿರುಗಿತು. ತಾಮ್ರ. ಮೀನು ಅದನ್ನು ಒಂದಷ್ಟು ತಡೆದುಕೊಳ್ಳುತ್ತದೆ; ಬೆನ್ನೆಲುಬಿಲ್ಲದ ಜೀವಿಗಳು ತಡೆಯುವುದಿಲ್ಲ.

ಅದು ಎಲ್ಲಿಂದ ಬಂತೆಂದು ಹುಡುಕುವ ಕಷ್ಟವಿರಲಿಲ್ಲ. ಹಿಂದಿನ ತಿಂಗಳು ಹೊಸ ಅಧ್ಯಕ್ಷರು ಅದೇ ತೊಟ್ಟಿಯನ್ನು ಇನ್ನೊಮ್ಮೆ ಉದ್ಘಾಟಿಸಿದ್ದರು. ಗೋಡೆಯ ತುಂಬ ಹಿಂದಿನವರ ಫಲಕಗಳೇ ಇದ್ದುದರಿಂದ ಅವರ ಹೆಸರಿನ ತಾಮ್ರದ ಫಲಕವನ್ನು ತೊಟ್ಟಿಯೊಳಗೇ, ಹವಳಗಳ ನಟ್ಟನಡುವೆ ನಿಲ್ಲಿಸಲಾಯಿತು. ಬೇಡವೆಂದ ತೊಟ್ಟಿಯಕ್ಕನಿಗೆ, ತಾತ್ಕಾಲಿಕ ನೌಕರರು ಶಾಶ್ವತ ಫಲಕದ ಬಗ್ಗೆ ಅಭಿಪ್ರಾಯ ಹೊಂದತಕ್ಕದ್ದಲ್ಲ ಎಂದು ತಿಳಿಸಲಾಗಿತ್ತು.

ಅವಳು ನಳಿಕೆ ಹಿಡಿದುಕೊಂಡೇ ದೊಡ್ಡ ಗುಮಾಸ್ತರ ಬಳಿ ಹೋದಳು. ಇಲಾಖೆಯ ನಿಯಮಗಳೆಲ್ಲ ಅವರ ನಾಲಿಗೆಯ ತುದಿಯಲ್ಲಿದ್ದವು.

"ಅಣ್ಣಾ, ಆ ಫಲಕ ತೆಗೀಬೇಕು. ಇಲ್ಲಾಂದ್ರೆ ಒಂದೂ ಉಳಿಯಲ್ಲ."

"ನೀರಲ್ಲಿ ತಾಮ್ರ ಇದೆ ಅಂತ ಯಾರು ಹೇಳಿದ್ರು?"

"ನೀರೇ ಹೇಳ್ತಿದೆ, ನೋಡಿ."

"ನೀರು ಅರ್ಜಿ ಕೊಟ್ಟಿಲ್ವಲ್ಲ, ತಂಗಿ," ಎಂದರು ಗುಮಾಸ್ತರು, ನಿಜವಾದ ಮರುಕದಿಂದ. ಹದಿನಾಲ್ಕನೆಯ ನಿಯಮದ ಪ್ರಕಾರ ಅಧ್ಯಕ್ಷರ ಹೆಸರುಳ್ಳ ಫಲಕವನ್ನು, ಅವರು ಅಧಿಕಾರದಲ್ಲಿರುವಷ್ಟು ಕಾಲ, ಇದ್ದ ಜಾಗದಿಂದ ಕದಲಿಸುವಂತಿರಲಿಲ್ಲ.

ಆದರೂ ಅವಳ ಅರ್ಜಿ ಮೇಲಕ್ಕೆ ಹೋಯಿತು. ತಾಮ್ರ ಪರಿಶೀಲನಾ ಸಮಿತಿ ರಚನೆಯಾಯಿತು. ಅದರಲ್ಲಿ ಕಟ್ಟಡ ವಿಭಾಗದ ಎಂಜಿನಿಯರ್, ರತ್ನಗಂಬಳಿ ಅಧಿಕಾರಿ, ಮತ್ತು ಅಧ್ಯಕ್ಷರ ಷಡ್ಡಕರು ಇದ್ದರು. ವಿಷಯವನ್ನು ಮೂಲದಲ್ಲೇ ಅಧ್ಯಯನ ಮಾಡಬೇಕೆಂದು ಸಮಿತಿಯು ಸಕುಟುಂಬವಾಗಿ ಆರು ದಿನ ಸಮುದ್ರತೀರಕ್ಕೆ ಹೋಯಿತು. ಅತ್ತ ಅವರು ಅಧ್ಯಯನದಲ್ಲಿರಲು ಇತ್ತ ತೊಟ್ಟಿಯಕ್ಕ ದಿನಾ ಬಕೆಟ್‌ಗಟ್ಟಲೆ ನೀರು ಬದಲಿಸಿದಳು, ತಾಮ್ರ ಹೀರಲೆಂದು ಇದ್ದಿಲಿನ ಚೀಲ ಇಳಿಬಿಟ್ಟಳು. ಫಲಕ ಒಳಗಿರುವ ತನಕ ಅದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಎಂದು ಅವಳಿಗೆ ಗೊತ್ತಿತ್ತು. ಸುಮ್ಮನೆ ಕೂರಲು ಮನಸ್ಸು ಬರಲಿಲ್ಲ, ಅಷ್ಟೇ.

ಕಪ್ಪಗಾಗಿ ಬಂದ ಸಮಿತಿ ವರದಿ ಕೊಟ್ಟಿತು: ಸಮುದ್ರದಲ್ಲಿ ಫಲಕ ಕಂಡುಬರದ ಕಾರಣ ಹೋಲಿಕೆ ಸಾಧ್ಯವಾಗಲಿಲ್ಲ. ಬಸವನಹುಳುಗಳು ವೈಯಕ್ತಿಕ ಕಾರಣಗಳಿಂದ ಮೃತಪಟ್ಟಿವೆ. ಸಾರ್ವಜನಿಕರ ವೇಳೆಯಲ್ಲಿ ಮುಖ ಮುಚ್ಚಿಕೊಂಡಿರುವ ಹವಳಗಳು ಏಳು ದಿನದೊಳಗೆ ಲಿಖಿತ ವಿವರಣೆ ನೀಡತಕ್ಕದ್ದು.

ಹವಳಗಳ ಪರವಾಗಿ ನೋಟೀಸಿಗೆ ಸಹಿ ಹಾಕಿ ತೆಗೆದುಕೊಂಡ ತೊಟ್ಟಿಯಕ್ಕ ಮತ್ತೆ ಗುಮಾಸ್ತರ ಮೇಜಿನ ಮುಂದೆ ನಿಂತಳು.

"ಫಲಕ ಕದಲಿಸಬಾರದು ಅಂತಿದೆ, ಸರಿ. ಹವಳ ಕದಲಿಸಬಾರದು ಅಂತ ಇದೆಯಾ?"

ಗುಮಾಸ್ತರು ನಿಯಮಾವಳಿಯನ್ನು ಮುಂದಿನಿಂದ ಹಿಂದಕ್ಕೆ, ಹಿಂದಿನಿಂದ ಮುಂದಕ್ಕೆ ತಿರುವಿ ಹಾಕಿದರು. ಕನ್ನಡಕ ತೆಗೆದು ಒರೆಸಿಕೊಂಡರು.

"ಇಲ್ಲ. ಆದ್ರೆ ಸ್ಥಳಾಂತರ ಅನ್ನಬೇಡ. ಆ ಪದಕ್ಕೆ ಮೂರು ಸಹಿ ಬೇಕು. ಊಟಕ್ಕೆ ಹೋಗಿದಾವೆ ಅನ್ನು."

ಶನಿವಾರ ಮಧ್ಯಾಹ್ನ ತೊಟ್ಟಿಯಕ್ಕನ ಭಾವ ತನ್ನ ಮುಚ್ಚಿಹೋದ ಐಸ್ ಅಂಗಡಿಯಿಂದ ಗಾಜಿನ ಮುಖವಿರುವ ದೊಡ್ಡ ಫೈಬರ್ ತೊಟ್ಟಿಯೊಂದನ್ನು ತಂದು, ಸಿಬ್ಬಂದಿಯ ಊಟದ ಕೋಣೆಯಲ್ಲಿ ಇಳಿಸಿಕೊಟ್ಟ. ಹಳೆಯ ಬಂಡೆ, ಮರಳು ತಾಮ್ರ ಕುಡಿದು ಕೂತಿದ್ದವು; ಅವನ್ನು ಮುಟ್ಟಲಿಲ್ಲ. ತೊಟ್ಟಿಯಕ್ಕ ಹೊಸ ಉಪ್ಪುನೀರು ತುಂಬಿ, ಹವಳಗಳನ್ನು ಜೋಪಾನವಾಗಿ ಬಿಡಿಸಿ, ಹೊಸ ಕಲ್ಲಿಗೆ ಅಂಟಿಸಿದಳು; ಆರು ಮೀನುಗಳನ್ನೂ ಬಲೆಯಲ್ಲಿ ಹಿಡಿದು ತಂದು ಬಿಟ್ಟಳು. ಪ್ಯಾಂಟು ಮಡಿಸಿಕೊಂಡು ಬಂದ ಗುಮಾಸ್ತರು ಸೀಗಡಿಯನ್ನು ಪಾತ್ರೆಯಲ್ಲಿಟ್ಟು, ಎಳೆಗೂಸನ್ನು ಎತ್ತಿಕೊಂಡವರಂತೆ ಎರಡು ಮಹಡಿ ಹತ್ತಿದರು. ನಳಿಕೆಯ ನೀರು ಈ ಸಲ ಬಣ್ಣ ತಿರುಗಲಿಲ್ಲ.

ಎಂಟು ದಿನ ಹವಳ ಅಲುಗಲಿಲ್ಲ. ತೊಟ್ಟಿಯಕ್ಕ ದಿನಕ್ಕೆರಡು ಸಲ ನೀರು ಪರೀಕ್ಷಿಸಿದಳು. ಒಂಬತ್ತನೆಯ ದಿನ ಬೆಳಿಗ್ಗೆ ಸೀಗಡಿ ಹಳೆಯ ಚಿಪ್ಪು ಕಳಚಿ ಹೊಸ ಮೈಯಲ್ಲಿ ಅಡ್ಡಾಡುತ್ತಿತ್ತು. ಪಕ್ಕದಲ್ಲಿ ಹಸಿರು ಹವಳವೊಂದು ಒಂದೊಂದೇ ಎಸಳು ಬಿಚ್ಚುತ್ತಿತ್ತು. ಅವಳು ನಗುತ್ತ ಕಣ್ಣೊರೆಸಿಕೊಂಡಳು. ಅಂದು ಊಟಕ್ಕೆ ಬಂದ ಯಾರೂ ಗಡಿಯಾರ ನೋಡಲಿಲ್ಲ.

ಮೊಗಸಾಲೆಯ ತೊಟ್ಟಿಯಲ್ಲಿ ಫಲಕವೊಂದೇ ದೀಪದ ಬೆಳಕಿನಲ್ಲಿ ನಿಂತಿತ್ತು. ತಪಾಸಣಾಧಿಕಾರಿ ಬಂದು ಅದನ್ನು ಸುತ್ತು ಹಾಕಿ ನೋಡಿದರು.

"ಜೀವಿಗಳು ಎಲ್ಲಮ್ಮಾ?"

"ಊಟಕ್ಕೆ ಹೋಗಿದಾವೆ ಸರ್."

ಅವರು ಹೊತ್ತು ನೋಡಿದರು, ಒಂದೂಕಾಲು. ಸರಿಯಾಗಿಯೇ ಇತ್ತು. "ಜೀವಿಗಳು ಶಿಸ್ತಿನಿಂದಿವೆ" ಎಂದು ಬರೆದು ತಾವೂ ಊಟಕ್ಕೆ ಮೇಲೆ ಹೋದರು. ಅಲ್ಲಿ ಅಧ್ಯಕ್ಷರು ಆಗಲೇ ಗಾಜಿಗೆ ಮೂಗು ಒತ್ತಿಕೊಂಡು ಕೂತಿದ್ದರು. ಇಬ್ಬರೂ ನಾಲ್ಕು ಗಂಟೆಗೆ ಎದ್ದರು.

ಮರುದಿನ ಸುತ್ತೋಲೆ ಬಂತು: "ಊಟದ ಕೋಣೆಯಲ್ಲಿ ತೊಟ್ಟಿ, ಹವಳ, ಮೀನು ಇತ್ಯಾದಿ ಏನೂ ಇರುವುದಿಲ್ಲ. ಸದರಿ ಇಲ್ಲದಿರುವುದನ್ನು ವೀಕ್ಷಿಸಲು ಸಿಬ್ಬಂದಿಗೆ ಪ್ರತಿದಿನ ಅರ್ಧ ಗಂಟೆ ಹೆಚ್ಚುವರಿ ಬಿಡುವು ನೀಡಲಾಗಿದೆ. ನೂಕುನುಗ್ಗಲು ಮಾಡತಕ್ಕದ್ದಲ್ಲ."