ಕೂಗಿದರೆ ನಿಲ್ಲುವ ಸೈಕಲ್ಲುಗಳು

ಸಂಶಯ ಕೆಲವರಿಗೆ ಹುಟ್ಟಿನಿಂದ ಬರುತ್ತದೆ, ನನಗೆ ವೃತ್ತಿಯಿಂದ ಬಂತು. ಹೊಳಲ್ಕೆರೆಯಲ್ಲಿ ಸ್ಟುಡಿಯೊ ಇಟ್ಟುಕೊಂಡು ಇಪ್ಪತ್ತು ವರ್ಷ ಮದುವೆ ಫೋಟೊ ತೆಗೆದವನು ನಾನು. ಫೋಟೊ ಕಪ್ಪಗೆ ಬಂದರೆ ಕ್ಯಾಮೆರಾ ಸರಿಯಿಲ್ಲ ಅನ್ನುತ್ತಾರೆ, ಚೆನ್ನಾಗಿ ಬಂದರೆ ಹುಡುಗಿ ಲಕ್ಷಣವಾಗಿದ್ದಾಳೆ ಅನ್ನುತ್ತಾರೆ. ಹಾಗಾಗಿ ಯಾರಾದರೂ ನನ್ನನ್ನು ಹೊಗಳಿದರೆ ಕೈ ತಾನಾಗಿ ಜೇಬು ಮುಟ್ಟಿ ನೋಡಿಕೊಳ್ಳುತ್ತದೆ.

ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು. ಚಿತ್ರದುರ್ಗದಲ್ಲಿರುವ ನನ್ನ ಭಾಮೈದ ಮಂಜುನಾಥ ಬಂದು, ನನ್ನಷ್ಟು ಚೆನ್ನಾಗಿ ಫೋಟೊ ತೆಗೆಯುವವರು ಜಿಲ್ಲೆಯಲ್ಲೇ ಇಲ್ಲ ಅಂದ. ಜೇಬು ಮುಟ್ಟಿ ನೋಡಿಕೊಂಡೆ. ಅವನೂ ನಾಲ್ವರು ಗೆಳೆಯರೂ ದಪ್ಪ ಟೈರಿನ ಗೇರ್ ಸೈಕಲ್ ಕೊಂಡು ಭಾನುವಾರ ಭಾನುವಾರ ಗುಡ್ಡ ಹತ್ತಿ ಇಳಿಯುತ್ತಿದ್ದರು. ಅದರ ಒಂದು ಫೋಟೊ ಪತ್ರಿಕೆಯ ಪುರವಣಿಯಲ್ಲಿ ಬರುತ್ತದಂತೆ, ಕೆಳಗೆ ತೆಗೆದವರ ಹೆಸರೂ ಇರುತ್ತದಂತೆ. ಆಲ್ಬಮ್ಮಿನ ಹಿಂದಿನ ರಬ್ಬರ್ ಸೀಲು ಬಿಟ್ಟರೆ ನನ್ನ ಹೆಸರು ಎಲ್ಲೂ ಅಚ್ಚಾದದ್ದಿಲ್ಲ. ಆಸೆ ಹುಟ್ಟಿತು. ಜೊತೆಗೇ, ಕೊನೇ ಗಳಿಗೆಯಲ್ಲಿ ಇವನು ತನ್ನ ಹೆಸರು ಹಾಕಿಸಿಕೊಂಡರೆ ಏನು ಗತಿ ಎಂಬ ಅನುಮಾನವೂ ಹುಟ್ಟಿತು.

ತಮ್ಮನ ಸಾಹಸ ನೋಡಲು ನನ್ನ ಹೆಂಡತಿ ಗಿರಿಜೆಯೂ ಚಿತ್ರಾನ್ನದ ಡಬ್ಬಿ ಹಿಡಿದು ಗುಡ್ಡಕ್ಕೆ ಬಂದಳು. ನಾನು ತಿರುವಿನಲ್ಲಿ ನಿಂತೆ. ಮೊದಲ ಸೈಕಲ್ಲು ಧೂಳೆಬ್ಬಿಸುತ್ತ ಇಳಿದು ಬಂತು. ಅಭ್ಯಾಸಬಲದಿಂದ, "ಇಲ್ಲಿ ನೋಡ್ರಿ, ಸ್ವಲ್ಪ ನಗ್ರಿ" ಎಂದು ಕೂಗಿದೆ. ಕೂಗಿದ್ದೇ ತಡ, ಅವನು ಬ್ರೇಕ್ ಹಾಕಿ, ಹೆಲ್ಮೆಟ್ ತೆಗೆದು, ತಲೆ ಬಾಚಿಕೊಂಡು ಸೈಕಲ್ಲಿನ ಪಕ್ಕ ನೆಟ್ಟಗೆ ನಿಂತ. ಹಿಂದಿನವರೂ ಹಾಗೆಯೇ. ನಮ್ಮ ಕಡೆ ಕ್ಯಾಮೆರಾದವನು ಕರೆದರೆ ಓಡುವ ಕಳ್ಳನೂ ನಿಂತು ಕಾಲರ್ ಸರಿಮಾಡಿಕೊಳ್ಳುತ್ತಾನೆ. ಮತ್ತೆ ಮತ್ತೆ ಹತ್ತಿಸಿ ಇಳಿಸಿದರೂ ಅದೇ ಕಥೆ, ಮೂವತ್ತಾರು ಫೋಟೊದ ರೋಲಿನಲ್ಲಿ ಮೂವತ್ತು ಹೀಗೇ ಮುಗಿದವು. ಎಲ್ಲದರಲ್ಲೂ ಆಯುಧಪೂಜೆಗೆ ಸೈಕಲ್ ತೊಳೆದು ನಿಲ್ಲಿಸಿಕೊಂಡವರ ಹಾಗೆ ನಿಂತಿದ್ದರು.

ಅಷ್ಟರಲ್ಲಿ ಐವರೂ ಗುಡ್ಡದ ಮೇಲೆ ಸೇರಿ ನನ್ನತ್ತ ನೋಡುತ್ತ ಗುಸುಗುಸು ಶುರುಮಾಡಿದರು. ನನ್ನ ಹೆಸರಿಗೇ ಸಂಚಕಾರ ಎಂದು ಖಾತ್ರಿಯಾಯಿತು. ಕ್ಯಾಮೆರಾ ಗಿರಿಜೆಯ ಕೈಗಿತ್ತು, ಬಟನ್ ಮುಟ್ಟಬೇಡ ಎಂದು ಎಚ್ಚರಿಸಿ, ಮುಳ್ಳುಕಂಟಿಯ ನಡುವೆ ಪಂಚೆ ಹರಿದುಕೊಂಡು ಹತ್ತಿ, ಬಂಡೆಯ ಹಿಂದೆ ಅಡಗಿ ಕಿವಿಯಿಟ್ಟೆ.

"ಕೂಗಬ್ಯಾಡ್ರಿ ಅಂತ ಭಾವಂಗೆ ಯಾರು ಹೇಳೋದು?" ಅನ್ನುತ್ತಿದ್ದ ಮಂಜುನಾಥ. "ಪಾಪ, ನೊಂದ್ಕಂತಾರೆ. ಇನ್ನೊಂದ್ಸಲ ಸುಮ್ನೆ ಇಳಿಯಾಣ."

ನಾಚಿ ಬಂಡೆಗೆ ಇನ್ನಷ್ಟು ಅಂಟಿಕೊಂಡೆ. ಎದ್ದು ಬರೋಣವೆಂದರೆ ಅಡಗಿ ಕೂತದ್ದು ಗೊತ್ತಾಗುತ್ತದೆ. ಅವರು ಇಳಿದೇಬಿಟ್ಟರು. ಕೆಳಗೆ ಕೂಗುವವರು ಯಾರೂ ಇರಲಿಲ್ಲ. ಡಬ್ಬಿಯ ಪಕ್ಕ ನೆಲದ ಮೇಲೆ ಕೂತಿದ್ದ ಗಿರಿಜೆ, ಬೇಡ ಎಂದ ಬಟನ್ನನ್ನೇ ಆರು ಸಲ ಒತ್ತಿದ್ದಳು. ರೋಲು ತೊಳೆದು ನೋಡಿದರೆ ಐದರಲ್ಲಿ ಬರೀ ಧೂಳು. ಆರನೆಯದರಲ್ಲಿ ಮಂಜುನಾಥ ಎರಡೂ ಚಕ್ರ ನೆಲ ಬಿಟ್ಟು ಆಕಾಶದಲ್ಲಿದ್ದ. ನಾನು ನಿಂತು ತೆಗೆದಿದ್ದರೆ ಆ ಆಕಾಶ ಸಿಗುತ್ತಿರಲಿಲ್ಲ.

ಆ ಪ್ರಿಂಟಿನ ಹಿಂದೆ ನನ್ನ ಸೀಲು ಒತ್ತಿ ನಾನೇ ಮಂಜುನಾಥನ ಕೈಗೆ ಕೊಟ್ಟೆ. ಅವನು ಒಂದಕ್ಷರ ಆಚೀಚೆ ಮಾಡದೆ ನನ್ನ ಹೆಸರನ್ನೇ ಅಚ್ಚುಹಾಕಿಸಿದ. ಗಿರಿಜೆ ಪುರವಣಿ ನೋಡಿ, "ನಿಮ್ಮ ಹೆಸರು ಚೆಂದಾಗಿ ಬಂದೈತೆ ಬಿಡ್ರಿ" ಎಂದು ಒಳಗೆ ಹೋದಳು. ಅಷ್ಟೇ. ಮುಂದೆ ಏನಾದರೂ ಅಂದಾಳು ಎಂದು ಇವತ್ತಿಗೂ ಕಾಯುತ್ತಿದ್ದೇನೆ. ಆ ಫೋಟೊ ಈಗ ಸ್ಟುಡಿಯೊದಲ್ಲಿ ಫ್ರೇಮಿನೊಳಗಿದೆ. ಗಿರಾಕಿಗಳು ಯಾರು ತೆಗೆದದ್ದು ಎಂದು ಕೇಳಿದರೆ, ಸ್ಟುಡಿಯೊಗೂ ಮನೆಗೂ ನಡುವಿನ ಪರದೆಯ ಆಚೆ ಗಿರಿಜೆ ಇಲ್ಲವೆಂದು ಖಾತ್ರಿ ಮಾಡಿಕೊಂಡೇ ನಾನು ಬಾಯಿ ಬಿಡುವುದು.