ಭಾವನ ಮನೆಗಾಡಿಗೊಂದು ಪೈಪು

ಬೆಳಿಗ್ಗೆ ಆರು ಗಂಟೆಗೆ ಟೈಪಿಂಗ್ ಮೇಷ್ಟ್ರು ಪೇಪರನ್ನು ಕಂಕುಳಲ್ಲಿ ಇರುಕಿಕೊಂಡು ಬಂದಾಗ ಬಚ್ಚಲುಮನೆಯ ಬಾಗಿಲಿಗೆ ಒಳಗಿನಿಂದ ಚಿಲಕ ಬಿದ್ದಿತ್ತು. ಹೀಗಾಗುತ್ತಿರುವುದು ಇದು ಮೂರನೆಯ ದಿನ. ಒಳಗಿನಿಂದ ಭಾವನ ಹಾಡು ತೇಲಿ ಬರುತ್ತಿತ್ತು.

“ಭಾವ, ಇನ್ನೂ ಎಷ್ಟೊತ್ತಾಗತ್ತೆ?”

“ಈಗಿನ್ನೂ ಪಲ್ಲವೀಲಿದ್ದೀನಿ ಮೇಷ್ಟ್ರೇ!”

ಅಂದರೆ ಚರಣಗಳೆಲ್ಲ ಬಾಕಿ. ಮೇಷ್ಟ್ರು ಕೊಕ್ಕರೆಯಂತೆ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಾಯಿಸುತ್ತಾ ಮುಖಪುಟದ ಸುದ್ದಿಯನ್ನೇ ಮತ್ತೆ ಮತ್ತೆ ಓದಿದರು. ಒಂದಕ್ಷರವೂ ತಲೆಗೆ ಹತ್ತಲಿಲ್ಲ.

ಮೂವತ್ತೈದು ವರ್ಷ ನಲವತ್ತು ಟೈಪ್‌ರೈಟರುಗಳ ಟಕಟಕ ಕೇಳಿ ಕಿವಿ ತೂತಾದ ಮೇಲೆ, ನಿಶ್ಶಬ್ದವಾಗಿ ಬದುಕಬೇಕೆಂದು ಊರಾಚೆ ಅರ್ಧ ಎಕರೆ ಕೊಂಡು, ಎರಡು ಕೋಣೆಯ ಮನೆ ಕಟ್ಟಿಸಿದವರು ಅವರು. ಇಬ್ಬರೇ ಇರುವುದಲ್ಲವೇ, ಬಚ್ಚಲೂ ಕಕ್ಕಸೂ ಸೇರಿ ಒಂದೇ ಸಾಕು ಎಂದು ಅಂದು ತೀರ್ಮಾನಿಸಿದ್ದರು. ಆ ಬುದ್ಧಿಗೆ ಈಗ ತಮ್ಮನ್ನು ತಾವೇ ಬೈದುಕೊಳ್ಳುತ್ತಿದ್ದರು.

ಭಾವ ಎಂದರೆ ಹೆಂಡತಿಯ ಅಣ್ಣ. ಆಯುಷ್ಯವೆಲ್ಲ ಎಣ್ಣೆ ಟ್ಯಾಂಕರ್ ಓಡಿಸಿ ನಿವೃತ್ತನಾದ ಮನುಷ್ಯ ಮನೆಯಲ್ಲಿ ಕೂರುವುದು ಬಿಟ್ಟು, ಹಳೆಯ ಮಿನಿಬಸ್ಸೊಂದನ್ನು ಕೊಂಡು ಅದನ್ನೇ ಮನೆ ಮಾಡಿಕೊಂಡಿದ್ದ. ಮಂಚ, ಒಲೆ, ಫ್ರಿಜ್ಜು, ಏಸಿ, ಬೀರುವಿನಷ್ಟು ಅಗಲದ ಕಕ್ಕಸು, ಎಲ್ಲವೂ ಅದರೊಳಗೇ. ಹೆಂಡತಿಯೊಡನೆ ನಾಲ್ಕು ತಿಂಗಳು ದೇಶವೆಲ್ಲ ಸುತ್ತಿ, “ಎರಡೇ ದಿನ” ಎಂದು ಬಂದು ಮೇಷ್ಟ್ರ ಹಿತ್ತಲಿನಲ್ಲಿ ನಿಲ್ಲಿಸಿದ. ಎರಡನೆಯ ದಿನ ಗಾಡಿಯೊಳಗೆ ಒಂದು ಕೆಂಪು ದೀಪ ಹತ್ತಿಕೊಂಡಿತು. ಗಾಡಿಯ ಹೊಟ್ಟೆಯಲ್ಲಿರುವ ಕಕ್ಕಸಿನ ಟ್ಯಾಂಕು ತುಂಬಿದೆ, ಖಾಲಿ ಮಾಡುವವರೆಗೆ ಇನ್ನೊಂದು ತೊಟ್ಟೂ ಹಾಕುವಂತಿಲ್ಲ ಎಂಬುದು ಅದರ ಅರ್ಥ. ಅವತ್ತಿನಿಂದ ಭಾವನೂ ಅತ್ತಿಗೆಯೂ ಮನೆಯ ಬಚ್ಚಲಿಗೇ ಬರತೊಡಗಿದರು.

ಮೇಷ್ಟ್ರು ಅಡಿಗೆಮನೆಗೆ ಹೋಗಿ ನಿಂತರು. ಹೆಂಡತಿ ಮಿಕ್ಸಿಗೆ ಕಾಯಿ ಹಾಕುತ್ತಿದ್ದಾಕೆ ತಿರುಗದೆಯೇ ಹೇಳಿದಳು, “ನಮ್ಮಣ್ಣ ಮೂವತ್ತು ವರ್ಷದಲ್ಲಿ ಇದೇ ಮೊದಲು ಬಂದು ಉಳ್ಕೊಂಡಿರೋದು. ಅವನೆದುರಿಗೆ ಮುಖ ಗಂಟು ಹಾಕ್ಕೊಂಡ್ರೆ ನಾನು ಸುಮ್ನಿರಲ್ಲ.”

“ತೊಂದರೆ ಮುಖದ್ದಲ್ಲ ಕಣೇ,” ಎಂದರು ಮೇಷ್ಟ್ರು ದೀನವಾಗಿ.

ಇವತ್ತು ಸಂಜೆಯೊಳಗೆ ಆ ಗಾಡಿಗೆ ಅದರದೇ ಪೈಪು ಹಾಕಿಸಿಬಿಡಬೇಕು ಎಂದು ಅಲ್ಲೇ ನಿಶ್ಚಯಿಸಿದರು. ಆಗ ಯಾರೂ ಯಾರ ಬಾಗಿಲನ್ನೂ ತಟ್ಟಬೇಕಾಗಿಲ್ಲ.

ಅಷ್ಟರಲ್ಲಿ ಭಾವ ಹಾಡು ಮುಗಿಸಿ, ಸೆಕೆ ಎಂದು ಗೊಣಗುತ್ತಾ ಹೋಗಿ ಗಾಡಿಯ ಏಸಿ ಹಾಕಿದ. ಗಾಡಿಗೆ ಕರೆಂಟು ಹೋಗುತ್ತಿದ್ದುದು ಅಡಿಗೆಮನೆಯ ಕಿಟಕಿಯಿಂದ ಎಳೆದ ಒಂದು ಸಣ್ಣ ವೈರಿನಲ್ಲಿ. ಫಟ್ ಎಂದಿತು. ಮಿಕ್ಸಿ ನಿಂತಿತು, ಫ್ಯಾನು ನಿಂತಿತು, ಫ್ಯೂಸಿನ ಡಬ್ಬಿಯಿಂದ ಹೊಗೆಯ ಎಳೆಯೊಂದು ಮೇಲೆದ್ದಿತು. ಇವತ್ತಿನ ಕೆಲಸಕ್ಕೆ ಪೈಪಿನ ಜೊತೆಗೆ ಕರೆಂಟೂ ಸೇರಿಕೊಂಡಿತು.

ಎಲೆಕ್ಟ್ರಿಷಿಯನ್ ಬಂದು ವೈರನ್ನು ಎರಡು ಬೆರಳಿನಲ್ಲಿ ಸತ್ತ ಇಲಿಯ ಬಾಲದಂತೆ ಎತ್ತಿ ಹಿಡಿದ. “ಇದ್ಯಾರು ಹೊಲಿಗೆ ದಾರದಲ್ಲಿ ಆನೆ ಕಟ್ಟಿರೋದು?”

ಭಾವ ಮೇಷ್ಟ್ರ ಕಡೆ ನೋಡಿದ. ಹೆಂಡತಿಯೂ ಮೇಷ್ಟ್ರ ಕಡೆ ನೋಡಿದಳು. ಮೇಷ್ಟ್ರು, “ನಾನೇ,” ಎಂದರು.

“ಮನೆ ಸುಟ್ಟು ಹೋಗ್ತಿತ್ತು ಸ್ವಾಮಿ! ಇದಕ್ಕೆ ಮೀಟರಿನಿಂದ ಬೇರೆ ಲೈನು ಬೇಕು, ದಪ್ಪ ಕೇಬಲ್ಲು ಬೇಕು, ಅರ್ಥಿಂಗ್ ಬೇಕು. ಅರ್ಥಿಂಗ್ ಗುಂಡಿಗೆ ಇದ್ದಿಲು ಮತ್ತು ಉಪ್ಪು ತರಿಸಿ.”

ಅವನ ಮಾತು ಮುಗಿಯುವಷ್ಟರಲ್ಲಿ ಬೇಲಿಯಾಚೆಯ ಓವರ್‌ಸಿಯರ್ ಬಂದೇಬಿಟ್ಟರು. ನಿವೃತ್ತರಾಗಿ ಒಂಬತ್ತು ವರ್ಷವಾದರೂ ಇಳಿಜಾರು ಅಳೆಯುವ ರಸಮಟ್ಟವನ್ನು ಕೈಬಿಡದ ಮನುಷ್ಯ. ಎಲ್ಲಿ ಗುಂಡಿ ತೋಡುವ ಮಾತು ಬಂದರೂ ಬೆಲ್ಲಕ್ಕೆ ಇರುವೆ ಬಂದ ಹಾಗೆ ಬರುತ್ತಿದ್ದರು.

ಮೇಷ್ಟ್ರು ಗಾಡಿಯ ಟ್ಯಾಂಕಿನ ವಿಷಯ ಹೇಳಿದ್ದೇ ತಡ, ಅವರು ಶುರುಮಾಡಿದರು: “ಪೈಪಿನ ಕೆಲಸ ನನಗೆ ಬಿಡಿ. ನಾಲ್ಕು ಅಡಿಗೆ ಒಂದಿಂಚು ಇಳಿಜಾರು. ಕಮ್ಮಿಯಾದ್ರೆ ಕಟ್ಟಿಕೊಳ್ಳತ್ತೆ, ಜಾಸ್ತಿಯಾದ್ರೆ ನೀರು ಓಡಿ ಹೋಗಿ ಮಿಕ್ಕಿದ್ದು ಅಲ್ಲೇ ಕೂತುಬಿಡತ್ತೆ. ನಿಮ್ಮ ಕಕ್ಕಸಿನ ಗುಂಡಿ ಎಲ್ಲಿದೆ?”

ಮೇಷ್ಟ್ರು ಹಿತ್ತಲಿನ ಉದ್ದಗಲಕ್ಕೂ ಕಣ್ಣಾಡಿಸಿದರು. ಗುಂಡಿ ತೋಡಿಸಿ ಹನ್ನೆರಡು ವರ್ಷವಾಗಿತ್ತು. ಮೇಲೆ ಚಪ್ಪಡಿ ಹಾಕಿ ಮಣ್ಣು ಮುಚ್ಚಿದ್ದು ಜ್ಞಾಪಕವಿತ್ತು. ಎಲ್ಲಿ ಎಂಬುದು ಮಾತ್ರ ಮರೆತುಹೋಗಿತ್ತು. ಓವರ್‌ಸಿಯರ್ ಹೆಜ್ಜೆ ಅಳೆದು ಒಂದು ಕಡೆ ಗುರುತು ಹಾಕಿದರು. ಮೇಷ್ಟ್ರು ಅಗೆದರು, ಬಂಡೆ ಸಿಕ್ಕಿತು. ಇನ್ನೊಂದು ಕಡೆ ಅಗೆದರೆ ಮನೆ ಕಟ್ಟುವಾಗ ಕಳೆದುಹೋಗಿದ್ದ ಕರಣೆ ಸಿಕ್ಕಿತು. ಮೂರನೆಯ ಕಡೆ ಅಗೆಯುವ ಹೊತ್ತಿಗೆ ಹಾಲು ಕೊಡಲು ಬಂದ ಹಾಲಿನಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ಏನ್ ಸ್ವಾಮಿ, ನಿಧಿ ಹುಡುಕ್ತಿದ್ದೀರಾ?”

ವಿಷಯ ತಿಳಿದ ಮೇಲೆ ಅವಳು ಹಿತ್ತಲನ್ನೊಮ್ಮೆ ಹಸುವಿನ ಕಣ್ಣಿನಿಂದ ನೋಡಿದಳು. “ಅಯ್ಯೋ, ಇದಕ್ಕೆ ಅಳತೆ ಯಾಕೆ? ಹುಲ್ಲು ಎಲ್ಲಿ ಸೊಂಪಾಗಿ ಬೆಳೆದಿದೆಯೋ ಅಲ್ಲೇ ಇರತ್ತೆ.”

ಎಲ್ಲರೂ ಒಟ್ಟಿಗೆ ತಿರುಗಿದರು. ಹಿತ್ತಲೆಲ್ಲ ಒಣಗಿ ಕಂದಾಗಿದ್ದರೂ ಒಂದು ಮೂಲೆಯಲ್ಲಿ ಮಾತ್ರ ಹುಲ್ಲು ಹಸಿರು ಜಮಖಾನದಂತೆ ಹರಡಿತ್ತು. ಅದರ ನಟ್ಟನಡುವೆ ಕುರ್ಚಿ ಹಾಕಿಕೊಂಡು ಅತ್ತಿಗೆ ಸ್ವೆಟರ್ ಹೆಣೆಯುತ್ತಿದ್ದರು. ಬಂದಂದಿನಿಂದ ಅವರು ಕೂರುತ್ತಿದ್ದುದು ಅಲ್ಲೇ. ಮಾತು ಬಹಳ ಕಮ್ಮಿ. ನಾಲ್ಕು ದಿನದಲ್ಲಿ ಆಡಿದ್ದೆಂದರೆ, “ಇಲ್ಲಿ ಗಾಳಿ ಚೆನ್ನಾಗಿದೆ,” ಎಂಬ ಒಂದೇ ವಾಕ್ಯ.

“ಅತ್ತಿಗೆ, ಸ್ವಲ್ಪ ಏಳ್ತೀರಾ?” ಎಂದರು ಮೇಷ್ಟ್ರು. ಕಾರಣ ಹೇಳುವ ಧೈರ್ಯ ಬರಲಿಲ್ಲ. ಅತ್ತಿಗೆ ಎದ್ದು ಕುರ್ಚಿಯನ್ನು ಜಗುಲಿಗೆ ಸಾಗಿಸಿದರು. ಎರಡು ಗುದ್ದಲಿ ಮಣ್ಣು ತೆಗೆಯುವಷ್ಟರಲ್ಲಿ ಚಪ್ಪಡಿ ಠಣ್ ಎಂದಿತು.

ಇನ್ನು ಕಾಲುವೆ ತೋಡುವ ಕೆಲಸ. ಓವರ್‌ಸಿಯರ್ ಪೈಪಿಗೆ ಗೆರೆ ಎಳೆದರು, ಎಲೆಕ್ಟ್ರಿಷಿಯನ್ ಕೇಬಲ್ಲಿಗೆ ಗೆರೆ ಎಳೆದ. ಎರಡೂ ಗೆರೆಗಳು ಸರಿಯಾಗಿ ಮಧ್ಯದಲ್ಲಿ ಅಡ್ಡಹಾಯ್ದವು.

“ನನ್ನ ಪೈಪನ್ನ ಒಂದು ನೂಲೂ ಕದಲಿಸೋಕಾಗಲ್ಲ, ಇಳಿಜಾರು ಹೋಗತ್ತೆ,” ಎಂದರು ಓವರ್‌ಸಿಯರ್.

“ನನ್ನ ಕೇಬಲ್ಲಿನ ಮೇಲೆ ನಿಮ್ಮ ಪೈಪು ಸೋರಿದ್ರೆ ಮೇಷ್ಟ್ರು ಪೇಪರ್ ಓದ್ತಾ ಓದ್ತಾನೇ ಮೇಲಕ್ಕೆ ಹೋಗ್ತಾರೆ,” ಎಂದ ಎಲೆಕ್ಟ್ರಿಷಿಯನ್.

ಇಬ್ಬರ ನಡುವೆ ಮಾತು ಏರಿತು. ಹೊತ್ತೂ ಏರಿತು. ಮೇಷ್ಟ್ರು ಗುದ್ದಲಿಗೆ ಒರಗಿ ಇಬ್ಬರ ಮಾತಿಗೂ ತಲೆಯಾಡಿಸಿದರು. ಕೊನೆಗೆ ಹಾಲಿನಮ್ಮನೇ, “ವೈರಿಗೇನು ಇಳಿಜಾರು ಬೇಕಾ? ಗೋಡೆ ಮೇಲೆ ಹೊಡೆದು ಕಂಬ ನೆಟ್ಟು ಎಳೀರಪ್ಪ,” ಎಂದಳು. ಇಬ್ಬರು ತಜ್ಞರೂ, “ನಾನೂ ಅದನ್ನೇ ಹೇಳ್ಬೇಕು ಅಂತಿದ್ದೆ,” ಎಂದು ಒಟ್ಟಿಗೆ ಹೇಳಿದರು.

ಮಧ್ಯಾಹ್ನ ಊಟಕ್ಕೆ ಕೂತಾಗ ಯಾವುದಕ್ಕೂ ಉಪ್ಪಿರಲಿಲ್ಲ.

“ಡಬ್ಬಿ ಪೂರ್ತಿ ಅರ್ಥಿಂಗ್ ಗುಂಡಿಗೆ ಸುರಿದ್ರಲ್ಲ,” ಎಂದಳು ಹೆಂಡತಿ. “ಹೋಗಿ ಭೂಮಿತಾಯಿ ಹತ್ರ ಕೇಳಿ.”

ಊಟವಾದ ಮೇಲೆ ಇನ್ನೊಂದು ತೊಡಕು ಎದುರಾಯಿತು. ಗಾಡಿಯ ಟ್ಯಾಂಕಿನ ಬಾಯಿ ಇದ್ದದ್ದು ಆಚೆ ಬದಿಗೆ. ಪೈಪು ಬಂದು ನಿಂತದ್ದು ಈಚೆ ಬದಿಗೆ. ಗಾಡಿ ತಿರುಗಿಸಲೇಬೇಕು. ಭಾವ ಮೀಸೆ ತಿರುವಿ ಸ್ಟೇರಿಂಗ್ ಹಿಡಿದ. ಓವರ್‌ಸಿಯರ್ “ಬಿಡಿ, ಬಿಡಿ,” ಎಂದರು. ಎಲೆಕ್ಟ್ರಿಷಿಯನ್ “ಹೊಡೀರಿ, ಹೊಡೀರಿ,” ಎಂದ. ಭಾವ ಇಬ್ಬರ ಮಾತನ್ನೂ ಕೇಳಿದ್ದರಿಂದ ಗಾಡಿಯ ಹಿಂದಿನ ಚಕ್ರ, ಇಳಿಜಾರು ಪರೀಕ್ಷೆಗೆಂದು ಓವರ್‌ಸಿಯರ್ ನಾಲ್ಕು ಕೊಡ ನೀರು ಸುರಿದು ಮಾಡಿದ್ದ ಕೆಸರಿನಲ್ಲಿ ಹೂತು ಕೂತಿತು. ಹಾಲಿನಮ್ಮನೂ ಸೇರಿ ಎಲ್ಲರೂ ತಳ್ಳಿದರು. ಗಾಡಿ ಮೇಲೆ ಬಂತು. ಮೇಷ್ಟ್ರ ಎಡಗಾಲಿನ ಚಪ್ಪಲಿ ಮಾತ್ರ ಬರಲೇ ಇಲ್ಲ.

ನಾಲ್ಕು ಗಂಟೆಗೆ ಪೈಪಿನ ತುದಿಯನ್ನು ಟ್ಯಾಂಕಿನ ಬಾಯಿಗೆ ಸೇರಿಸಿದರು. ಬೆರಳಗಲದ ಸಂದು ಉಳಿಯಿತು. ಸೈಕಲ್ ಟ್ಯೂಬು ಕತ್ತರಿಸಿ ಸುತ್ತಿದ ಓವರ್‌ಸಿಯರ್, “ಯಾರಾದ್ರೂ ಒಬ್ರು ಇದನ್ನ ಗಟ್ಟಿಯಾಗಿ ಅದುಮಿ ಹಿಡ್ಕೋಬೇಕು,” ಎಂದು ಹೇಳಿ ಮೂರು ಹೆಜ್ಜೆ ಹಿಂದೆ ಸರಿದರು. ಎಲೆಕ್ಟ್ರಿಷಿಯನ್‌ಗೆ ಮೀಟರಿನ ಹತ್ತಿರ ತುರ್ತು ಕೆಲಸ ನೆನಪಾಯಿತು. ಹಾಲಿನಮ್ಮ ಸೆರಗನ್ನು ಮೂಗಿಗೆ ಹಿಡಿದಳು. ಮೇಷ್ಟ್ರು ಸುತ್ತಲೂ ನೋಡಿ, ಮಂಡಿಯೂರಿ ಕೂತು, ಟ್ಯೂಬನ್ನು ಎರಡು ಕೈಯಲ್ಲಿ ಹಿಸುಕಿ ಹಿಡಿದರು.

“ಮೊದಲು ಕಪ್ಪು ಹಿಡಿ ಎಳೀರಿ, ಅದು ಕಕ್ಕಸಿಂದು!” ಎಂದು ಓವರ್‌ಸಿಯರ್ ದೂರದಿಂದ ಕೂಗಿದರು. “ಅದು ಖಾಲಿಯಾದ ಮೇಲೆ ಬಿಳಿ ಹಿಡಿ. ಪಾತ್ರೆ ತೊಳೆದ ನೀರು ಬಂದು ಪೈಪು ಶುದ್ಧವಾಗತ್ತೆ!”

ಭಾವ ಕಪ್ಪು ಹಿಡಿ ಎಳೆದ. ಗಾಡಿಯ ಹೊಟ್ಟೆಯಲ್ಲಿ ಗುಡುಗಿದಂತಾಯಿತು. ಟ್ಯೂಬು ಕಪ್ಪೆಯ ಗಂಟಲಿನಂತೆ ಉಬ್ಬಿತು. ನಾಲ್ಕು ತಿಂಗಳ ದೇಶಸಂಚಾರದ ಕೊನೆಯ ಅಧ್ಯಾಯ ತಮ್ಮ ಹಸ್ತದ ಕೆಳಗೇ ಗಳಗಳನೆ ಹಾದುಹೋಗುವುದು ಮೇಷ್ಟ್ರಿಗೆ ತಿಳಿಯಿತು. ಮೂಗಿನ ತುದಿಯ ಮೇಲೆ ಒಂದು ನೊಣ ಬಂದು ಕೂತಿತು. ಮೇಷ್ಟ್ರು ಅಲುಗಾಡಲಿಲ್ಲ. ನೊಣ ಕನ್ನಡಕ ದಾಟಿ ಹಣೆಗೆ ಹತ್ತಿತು. ಆಗಲೂ ಅಲುಗಾಡಲಿಲ್ಲ. ಒಂದು ತೊಟ್ಟೂ ಆಚೆ ಬರಲಿಲ್ಲ.

“ಭೇಷ್!” ಎಂದು ಓವರ್‌ಸಿಯರ್ ಚಪ್ಪಾಳೆ ತಟ್ಟಿದರು. ಮೇಷ್ಟ್ರು ಹೆಮ್ಮೆಯಿಂದ ಕೈ ಸಡಿಲಿಸಿದರು. ಅದೇ ಕ್ಷಣದಲ್ಲಿ ಭಾವ ಬಿಳಿ ಹಿಡಿ ಎಳೆದ. ಟ್ಯೂಬು ಹಾರಿ, ಸೋಪಿನ ನೀರೂ ಅನ್ನದ ಅಗುಳೂ ಮೇಷ್ಟ್ರನ್ನು ತಲೆಯಿಂದ ಪಾದದವರೆಗೆ ತೋಯಿಸಿದವು.

ಆದರೂ ಕೆಲಸ ಆಗಿತ್ತು. ಓವರ್‌ಸಿಯರ್ ಪೈಪಿನ ಬಾಯಿಗೆ ಸರಿಯಾದ ತಿರುಪು ತರಿಸಿ ಹಾಕಿದರು. ಎಲೆಕ್ಟ್ರಿಷಿಯನ್ ಸ್ವಿಚ್ ಒತ್ತಿದ. ಗಾಡಿಯಲ್ಲಿ ಏಸಿ ಗುಂಯ್ ಎಂದಿತು, ಮನೆಯಲ್ಲಿ ಫ್ಯಾನೂ ತಿರುಗಿತು. ಕೆಂಪು ದೀಪ ಹೋಗಿ ಹಸಿರು ಬಂತು. ಸಹಾಯಕ್ಕೆ ಬಂದವರೆಲ್ಲ ಚಹಾ ಕುಡಿದು, ಕೆಲಸ ಮಾಡಿಸಿದ್ದು ತಾನೇ ಎಂದು ಒಬ್ಬೊಬ್ಬರೂ ಬೇರೆ ಬೇರೆಯಾಗಿ ಮೇಷ್ಟ್ರ ಕಿವಿಯಲ್ಲಿ ಹೇಳಿ ಹೊರಟುಹೋದರು.

“ಮೇಷ್ಟ್ರೇ, ನಮ್ಮ ಗಾಡೀಲೇ ಸ್ನಾನ ಮಾಡಿ,” ಎಂದ ಭಾವ, ಎಂದೂ ಇಲ್ಲದ ಕೃತಜ್ಞತೆಯಿಂದ. “ಬಿಸಿನೀರು ಬರತ್ತೆ. ಪುಟ್ಟಿ, ನೀನೂ ಹೋಗಿ ಒಳಗೆಲ್ಲ ನೋಡು.”

ಪುಟ್ಟಿ ಎಂದರೆ ಮೇಷ್ಟ್ರ ಐವತ್ತೆಂಟು ವರ್ಷದ ಹೆಂಡತಿ. ಮೇಷ್ಟ್ರು ಮೈ ತಿಕ್ಕಿ ತಿಕ್ಕಿ ಸ್ನಾನ ಮಾಡಿ, ಭಾವನ ದೊಗಳೆ ಪೈಜಾಮದಲ್ಲಿ ಹೊರಬಂದಾಗ ಆಕೆ ಒಂದೊಂದೇ ಗೂಡು ತೆರೆದು ನೋಡುತ್ತಿದ್ದಳು. “ರೀ, ಇಲ್ನೋಡಿ, ಮಡಚೋ ಮೇಜು! ಗುಡಿಸೋಕೆ ನಾಲ್ಕೇ ಅಡಿ ಜಾಗ!” ಆ ಪುಟ್ಟ ಒಲೆಯಲ್ಲೇ ಚಹಾ ಮಾಡಿದಳು. ತಣ್ಣನೆ ಗಾಳಿಯಲ್ಲಿ ಬಿಸಿ ಚಹಾ ಕುಡಿಯುತ್ತಾ ಇಬ್ಬರೂ ಕಿಟಕಿಯಿಂದ ತಮ್ಮದೇ ಮನೆಯನ್ನು ನೋಡಿದರು. ನಾಳೆ ಬೆಳಿಗ್ಗೆ ಆರು ಗಂಟೆಯನ್ನು ನೆನೆಸಿಕೊಂಡು ಮೇಷ್ಟ್ರಿಗೆ ಒಳಗೊಳಗೇ ಖುಷಿಯಾಯಿತು.

ಹೊತ್ತು ಮುಳುಗುವ ಮುಂಚೆ ಇಳಿದು ಬಂದರೆ ಮನೆಯ ಬಾಗಿಲಿಗೆ ಒಳಗಿನಿಂದ ಅಗಳಿ ಬಿದ್ದಿತ್ತು. ಜಗುಲಿಯ ಮೇಲೆ ಮೇಷ್ಟ್ರ ಮತ್ತು ಪುಟ್ಟಿಯ ಬಟ್ಟೆಗಳು ಮಡಿಕೆ ಮಡಿಕೆಯಾಗಿ ಇದ್ದವು. ಅಡಿಗೆಮನೆಯ ಕಿಟಕಿಯಲ್ಲಿ ಅತ್ತಿಗೆ ತಲೆಗೆ ಎರೆದುಕೊಂಡು, ಕೂದಲು ಹರವಿಕೊಂಡು ನಿಂತಿದ್ದರು.

“ಅತ್ತಿಗೆ, ಬಾಗಿಲು ತೆಗೀರಿ,” ಎಂದಳು ಪುಟ್ಟಿ.

“ತೆಗೆಯಲ್ಲಮ್ಮ,” ಎಂದರು ಅತ್ತಿಗೆ. ನಾಲ್ಕು ದಿನ ಕೂಡಿಟ್ಟ ಮಾತೆಲ್ಲ ಒಮ್ಮೆಗೇ ಬಂತು. “ನಾಲ್ಕು ತಿಂಗಳಾಯ್ತು ನಾನು ಆ ಡಬ್ಬೀಲಿ. ಎದ್ರೆ ತಲೆ ತಗಲತ್ತೆ, ತಿರುಗಿದ್ರೆ ಮೊಣಕೈ ತಗಲತ್ತೆ, ಸುಮ್ನೆ ನಿಂತ್ರೆ ನಿಮ್ಮಣ್ಣ ತಗಲ್ತಾರೆ. ಆ ಕೆಂಪು ದೀಪ ಹತ್ತಿದಾಗ ಅಬ್ಬಾ ಅಂತ ಉಸಿರುಬಿಟ್ಟೆ. ಅದು ಸರಿಹೋಗೋ ತನಕ ನಿಮ್ಮನೇಲಿ ಓಡಾಡ್ಕೊಂಡಿರಬಹುದು ಅಂತ. ಒಂದು ತಿಂಗಳಾದ್ರೂ ಆಗತ್ತೆ ಅಂದ್ಕೊಂಡಿದ್ದೆ. ಮೇಷ್ಟ್ರು ಒಂದೇ ದಿನದಲ್ಲಿ ಸರಿಮಾಡಿಸಿಬಿಟ್ರಲ್ಲ! ನಾನು ಇನ್ನೇನು ಮಾಡ್ಲಿ? ಈಗ ಅದಕ್ಕೆ ನೀರು, ಕರೆಂಟು, ಪೈಪು ಎಲ್ಲಾ ಇದೆ. ನೀವಿಬ್ರೂ ಅಲ್ಲೇ ಸುಖವಾಗಿರಿ. ಮಳೆಗಾಲ ಕಳೆದ ತಕ್ಷಣ ನಾವು ಹೊರಡ್ತೀವಿ.”

“ಮಳೆಗಾಲ ಶುರುವಾಗೋಕೇ ಇನ್ನೂ ಎರಡು ತಿಂಗಳಿದೆಯಲ್ಲ ಅತ್ತಿಗೆ!” ಎಂದರು ಮೇಷ್ಟ್ರು.

“ಪರವಾಗಿಲ್ಲ, ನಮಗೇನೂ ಅವಸರ ಇಲ್ಲ,” ಎಂದು ಅತ್ತಿಗೆ ಕಿಟಕಿಯಿಂದ ಸರಿದರು.

ಆ ಜಾಗದಲ್ಲಿ ಭಾವನ ಮುಖ ಬಂತು. ಪಾಪದ ಮುಖ. ಕಂಬಿಗಳ ಸಂದಿನಿಂದ ಒಂದು ಜೊತೆ ರಬ್ಬರ್ ಕೈಗವಸು ಹೊರಗೆ ಚಾಚಿದ. “ನನ್ನ ಮಾತು ಅವಳ ಹತ್ರ ನಡೆಯಲ್ಲ ಮೇಷ್ಟ್ರೇ. ಇದನ್ನ ಇಟ್ಕೊಳ್ಳಿ. ಟ್ಯಾಂಕು ಮೂರು ದಿನಕ್ಕೊಂದು ಸಲ ಖಾಲಿ ಮಾಡಬೇಕು. ಕಪ್ಪು ಹಿಡಿ ಮೊದಲು, ಮರೀಬೇಡಿ.”

ಮೇಷ್ಟ್ರು ಕೈಗವಸು ತೆಗೆದುಕೊಂಡು ಹೆಂಡತಿಯ ಕಡೆ ತಿರುಗಿದರು. ಅಣ್ಣನಿಗೆ ಈಗ ಇವಳೇ ಬುದ್ಧಿ ಹೇಳುತ್ತಾಳೆ ಎಂಬ ಆಸೆ ಇನ್ನೂ ಇತ್ತು. ಆದರೆ ಪುಟ್ಟಿ ಜಗುಲಿಯಲ್ಲಿರಲಿಲ್ಲ. ಎರಡೂ ಕೈ ತುಂಬಾ ಬಟ್ಟೆ ಹೊತ್ತು, ಗಾಡಿಯ ಮೆಟ್ಟಿಲನ್ನು ಹತ್ತಾಗಿತ್ತು. ಒಳಗೆ ಗೂಡುಗಳನ್ನು ತೆರೆದು ಮುಚ್ಚುವ ಸದ್ದು ಕೇಳುತ್ತಿತ್ತು.

ಮೇಷ್ಟ್ರು ನಿಧಾನವಾಗಿ ಹೋಗಿ ಗಾಡಿಯ ಬಾಗಿಲಲ್ಲಿ ನಿಂತರು.

“ನೀವು ಆ ಕಿಟಕಿ ಪಕ್ಕ ಮಲ್ಕೊಳ್ಳಿ, ನನಗೆ ಈ ಕಡೆ ಇರಲಿ,” ಎಂದಳು ಆಕೆ. ಇಷ್ಟು ಹಗುರವಾದ ದನಿಯನ್ನು ಮೇಷ್ಟ್ರು ಕೇಳಿ ಬಹಳ ವರ್ಷಗಳಾಗಿದ್ದವು. “ಯಾಕೆ ಹಾಗೆ ನಿಂತಿದ್ದೀರಿ? ಒಳಗೆ ಬಂದು ಬಾಗಿಲು ಹಾಕಿ. ತಣ್ಣನೆ ಗಾಳಿಯೆಲ್ಲ ಆಚೆ ಹೋಗ್ತಿದೆ.”

ಮೇಷ್ಟ್ರು ತಲೆ ತಗ್ಗಿಸಿ ಒಳಗೆ ಬಂದು ಬಾಗಿಲು ಹಾಕಿಕೊಂಡರು.